ಕ್ಲಿಫರ್ಡನ ಮುಷ್ಕರ

ಮೆರಿಯಲ್‌ಳನ್ನು ಒಂದು ಸಂಶಯ ಬಹಳ ದಿನದಿಂದ ಕೊರೆಯುತ್ತಿತ್ತು. ಬುದ್ಧಿ ನಿಧಾನವಾಗಿ ಬೆಳೆದವರ ಶುಶ್ರೂಷೆ ಕಲಿಯಲು ತಾನು ಬಂದದ್ದು ಸೇವೆ ಮಾಡಬೇಕೆಂದೋ, ಅಥವಾ ಅವರಲ್ಲಿ ಎಷ್ಟೋ ಜನಕ್ಕೆ ಮಾತೇ ಬರುವುದಿಲ್ಲ, ಹಾಗಾಗಿ ತಾನೂ ಮಾತಾಡಬೇಕಾಗಿಲ್ಲ ಎಂದೋ? ಪದವಿ ಮುಗಿಸಿ ಮತ್ತೆ ಈ ತರಬೇತಿಗೆ ಸೇರಿದಾಗ ಅಮ್ಮ ನಕ್ಕಿದ್ದಳು. "ಫೋನು ಬಡ್ಕೊಂಡ್ರೆ ಬಚ್ಚಲಿಗೆ ಓಡ್ತೀಯ. ನೀನು ನರ್ಸಾ?"

ತರಬೇತಿಗೆಂದು ಅವಳನ್ನು ಕಳಿಸಿದ್ದು ಇಂಗ್ಲೆಂಡಿನ ಯಾರ್ಕ್‌ಶೈರಿನ ಒಂದು ಹಳೆಯ ಗಣಿ ಊರಿನ ಆರೈಕೆ ಮನೆಗೆ. ಆ ಬೆಳಿಗ್ಗೆ ಅವಳು ಅಡುಗೆಮನೆಗೆ ಬಂದಾಗ ಕ್ಲಿಫರ್ಡ್ ನೆಲದ ಮೇಲೆ ಮೊಣಕಾಲು ಮಡಚಿ ಮಲಗಿದ್ದ. ಐವತ್ತು ದಾಟಿದ ಭಾರಿ ಆಳು, ಒಂದು ಮಾತೂ ಬಾರದವನು. ಮನೆಯ ಮೇಲ್ವಿಚಾರಕಿ ಡೊರೀನ್ ಟೀ ಲೋಟ ಹಿಡಿದು ಅವನನ್ನು ದಾಟಿ ಬಂದಳು.

"ಏನಪ್ಪಾ ಲೀಡರ್ರೇ, ಇವತ್ತೂ ಮುಷ್ಕರಾನಾ? ಬೇಡಿಕೆ ಏನು ಅಂತ ಹೇಳಿದ್ರೆ ತಾನೇ ಮಾತುಕತೆ!"

ಕ್ಲಿಫರ್ಡ್ ಕಣ್ಣು ಬಿಡಲಿಲ್ಲ. ಮುಂಜಾನೆ ತಟ್ಟೆಗಿಟ್ಟ ಟೋಸ್ಟು ಹಾಗೇ ಇತ್ತು, ನಿನ್ನೆಯದರ ಹಾಗೆ, ಮೊನ್ನೆಯದರ ಹಾಗೆ.

ಅವನಪ್ಪ ಕಲ್ಲಿದ್ದಲು ಗಣಿಯಲ್ಲಿದ್ದವನು. ಗಣಿ ಕಾರ್ಮಿಕರು ವರ್ಷವಿಡೀ ಹೂಡಿದ್ದ ದೊಡ್ಡ ಮುಷ್ಕರದಲ್ಲಿ ಕೊನೆಯವರೆಗೂ ಕೆಲಸಕ್ಕೆ ಇಳಿಯದವನು. ತನ್ನನ್ನು ನೋಡಲು ತಂಗಿ ಬಾರದೆ ಹೋದಾಗ ಕ್ಲಿಫರ್ಡ್ ಊಟ ಬಿಟ್ಟು ನೆಲ ಹಿಡಿಯುತ್ತಿದ್ದ. 'ರಕ್ತದಲ್ಲೇ ಬಂದಿದೆ' ಎಂದು ಯಾರೋ ನಗೆಯಾಡಿದ್ದು ಮನೆಯ ಮಾತಾಗಿಬಿಟ್ಟಿತ್ತು. ಆ ಊರಲ್ಲಿ ಮುಷ್ಕರ ಎಂದರೆ ಮರ್ಯಾದೆ. ಹೂಡಿದವನನ್ನು ಯಾರೂ ಕೆಣಕುವುದಿಲ್ಲ.

"ಎಬ್ಬಿಸೋದು ಬೇಡವಾ?" ಮೆರಿಯಲ್ ಕೇಳಿದಳು.

"ಮುಷ್ಕರ ಮುರಿಯೋದಾ? ಗಣಿಯಲ್ಲಿದ್ದ ನಮ್ಮಪ್ಪ ಗೋರಿಯಿಂದ ಎದ್ದು ಬಂದು ಕಪಾಳಕ್ಕೆ ಹೊಡೀತಾರೆ, ಮರಿ. ತಾನಾಗೇ ಏಳ್ತಾನೆ. ಯಾವಾಗ್ಲೂ ಎದ್ದಿದಾನೆ."

"ಆದ್ರೆ ಈ ಸಲ ತಂಗಿ ಬಂದಿದ್ರಲ್ಲ... ಕ್ಲಿಫರ್ಡ್ ಟಾಯ್ಲೆಟ್ಟಿಗೂ..."

ಕೆಟಲ್ ಕುದಿಯತೊಡಗಿತ್ತು. "ಏನಂದೆ? ಗಂಟಲು ಬಿಟ್ಟು ಮಾತಾಡೇ ತಾಯಿ."

"ಏನಿಲ್ಲ."

ಏನಿಲ್ಲ ಎಂದ ಮೇಲೂ ಅವಳ ಲೆಕ್ಕ ನಿಲ್ಲಲಿಲ್ಲ: ಕ್ಲಿಫರ್ಡ್ ಟಾಯ್ಲೆಟ್ಟಿಗೆ ಹೋಗಿ ಮೂರು ದಿನದ ಮೇಲಾಗಿತ್ತು. ಅವನಿಗೂ ಕೊಡುತ್ತಿದ್ದ, ಸಿಟ್ಟು ಇಳಿಸುವ ಮಾತ್ರೆಗಳಿಂದ ಮಲ ಕಟ್ಟಿಕೊಂಡು ಜನ ಸತ್ತದ್ದನ್ನು ತರಗತಿಯಲ್ಲಿ ಹೇಳಿದ್ದರು. ಆದರೆ ಡೊರೀನ್ ಈ ಮನುಷ್ಯನನ್ನು ವರ್ಷಗಟ್ಟಲೆ ಕಂಡವಳು, ತಾನು ಮೊನ್ನೆ ಮೊನ್ನೆ ಬಂದವಳು. ತರಬೇತಿಯ ಕೊನೆಗೆ ತನ್ನನ್ನು ತೇರ್ಗಡೆ ಎಂದು ಬರೆಯಬೇಕಾದವಳೂ ಡೊರೀನಳೇ.

ಮಧ್ಯಾಹ್ನ ಕ್ಲಿಫರ್ಡ್ ಕಂದು ಬಣ್ಣದ ವಾಂತಿ ಮಾಡಿಕೊಂಡ. ಡೊರೀನಳ ನಗು ಆಗ ನಿಂತಿತು.

ಆಸ್ಪತ್ರೆಯ ಕಾರಿಡಾರಿನ ಉದ್ದಕ್ಕೂ ಮಂಚಗಳು. ಕಾದು ಕಾದು ಒಂದು ಪರದೆಯ ಹಿಂದೆ ಜಾಗ ಸಿಕ್ಕಿತು. ಕ್ಲಿಫರ್ಡ್ ಕೋಟು ಬಿಚ್ಚಲು ಬಿಡಲಿಲ್ಲ; ಹೊಟ್ಟೆಯ ಮೇಲೆ ಕೈಕಟ್ಟಿ ಮುದುಡಿದ. ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಇಲ್ಲಿಗೆ ಕರ್ಕೊಂಡು ಬರೋಕೆ ನಂಗೆ ಇಷ್ಟ ಇರ್ಲಿಲ್ಲ ಕಣೇ," ಡೊರೀನ್ ಪಿಸುಗುಟ್ಟಿದಳು. "ಹಿಂದೊಂದ್ಸಲ ಬಂದಾಗ ನಾಲ್ಕು ಜನ ಅದುಮಿ ಹಿಡಿದು ಸೂಜಿ ಚುಚ್ಚಿದ್ರು. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಕೆಳಗೇ ಮಲಗ್ತಿದ್ದ. ಹೊದ್ದಿಕೆ ಮುಟ್ಟಿದ್ರೂ ಕಿರಚ್ತಿದ್ದ. ಮತ್ತೆ ಅದು ಬೇಡ ಅಂತ ನಾನು..." ಅವಳು ಕಣ್ಣೊರೆಸಿಕೊಂಡು ಅವನ ತಂಗಿಗೆ ಫೋನ್ ಮಾಡಲು ಹೊರಗೆ ಹೋದಳು.

ಮೆರಿಯಲ್ ಮಂಚದ ಪಕ್ಕ ಬಗ್ಗಿ ಕೂತಳು. ತನ್ನ ಅಂಗೈ ತೋರಿಸಿ, ಹೊಟ್ಟೆಯ ಕಡೆ ನೋಡಿ, ಕಾದಳು. ಅವನ ಬಿಗಿದ ತೋಳು ಬಹಳ ಹೊತ್ತಿನ ಮೇಲೆ ಸ್ವಲ್ಪ ಸಡಿಲವಾಯಿತು. ಅಂಗಿಯ ಮೇಲೆ ಕೈಯಿಟ್ಟಳು. ತಮಟೆಯ ಹಾಗೆ ಬಿಗಿದಿತ್ತು ಹೊಟ್ಟೆ. ಕ್ಲಿಫರ್ಡನ ಬಾಯಿಂದ ಹೊರಟ ದನಿ ಅವಳು ಈ ಮೊದಲು ಕೇಳಿದ್ದಲ್ಲ.

ಡೊರೀನಳ ಹಿಂದೆಯೇ ಡಾಕ್ಟರು ಬಂದರು. ಯುವಕ, ಕಣ್ಣ ಕೆಳಗೆ ಕಪ್ಪು.

"ಯಾವಾಗಿಂದ ಹೀಗೆ?"

"ಊಟ ಬಿಟ್ಟು ಮೂರ್ನಾಲ್ಕು ದಿನ ಆಯ್ತು ಡಾಕ್ಟ್ರೇ. ಅವನು ಆಗಾಗ ಹೀಗ್ ಮಾಡ್ತಾನೆ. ಮುಷ್ಕರ ಅಂತೀವಿ ನಾವು."

"ಅಂದ್ರೆ ಇದು ಅವರ ಸ್ವಭಾವ, ಕಾಯಿಲೆ ಅಲ್ಲ." ಡಾಕ್ಟರು ಕ್ಲಿಫರ್ಡನತ್ತ ಕೈ ಚಾಚಿದರು, ಅವನು ತಳ್ಳಿದ. "ನೋಡಿ, ಮುಟ್ಟೋಕೆ ಬಿಡ್ತಿಲ್ಲ. ಹೊರಗೆ ಕಾರಿಡಾರ್ ತುಂಬಾ ಜನ ಕಾಯ್ತಿದಾರೆ. ವಾಂತಿಗೆ, ಸಮಾಧಾನಕ್ಕೆ ಔಷಧಿ ಕೊಡ್ತೀನಿ. ಮನೇಲೇ ಇದ್ರೆ ಅವರಿಗೂ ಹಿತ."

"ಹೌದು, ಮನೇನೇ ವಾಸಿ," ಎಂದಳು ಡೊರೀನ್. ಬಿಡುಗಡೆಯ ಉಸಿರು ಅದು. ಆಗಲೇ ಕ್ಲಿಫರ್ಡನ ಬೂಟು ಹುಡುಕುತ್ತಿದ್ದಳು.

ಡಾಕ್ಟರು ಪರದೆ ಸರಿಸಿ ಒಂದು ಕಾಲು ಆಚೆ ಇಟ್ಟಾಗಿತ್ತು. ಮೆರಿಯಲ್ ಎದ್ದು ಅವರ ತೋಳು ಹಿಡಿದಳು. ಹಿಡಿದದ್ದು ತನ್ನ ಕೈಯೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

"ಏನು?" ಡಾಕ್ಟರು ಸಿಡುಕಿದರು. "ನೀವು ಯಾರು?"

"ವಿದ್ಯಾರ್ಥಿನಿ," ಎಂದಳು ಡೊರೀನ್. "ಮರಿ, ಬಿಡು ಅವರನ್ನ."

ಮೆರಿಯಲ್ ಬಿಡಲಿಲ್ಲ. ಡೊರೀನಳ ಮುಖ ನೋಡಿದಳು, ಆ ಮುಖದ ಮೇಲಿದ್ದ ಭಯವನ್ನೂ ಪ್ರೀತಿಯನ್ನೂ ನೋಡಿದಳು. ಆಮೇಲೆ ಕಾರಿಡಾರಿನ ಆ ಕೊನೆಯಲ್ಲಿದ್ದವರೂ ತಿರುಗಿ ನೋಡುವ ಹಾಗೆ ಹೇಳಿದಳು:

"ಹೊಟ್ಟೆ ಕಲ್ಲಾಗಿದೆ ಡಾಕ್ಟ್ರೇ. ಇಷ್ಟು ದಿನ ನಮ್ಮಲ್ಲಿ ಒಬ್ಬರೂ ಮುಟ್ಟಿ ನೋಡಿಲ್ಲ."