ಆರೋಗ್ಯವಂತರ ಗುಂಪು

“ಇವರನ್ನ ತೆಗೆದುಬಿಡೋಣವಾ ಸಾರ್?”

ತೇಜಶ್ರೀ ಕೇಳಿದ್ದು ಪರದೆಯ ಮೇಲಿನ ಚುಕ್ಕಿಗಳ ವಿಷಯ. ಕಪ್ಪಿನಲ್ಲಿ ಬಿಳಿ ಚುಕ್ಕಿಗಳು. ತಲೆಗೊಂದು, ಭುಜ, ಮೊಣಕೈ, ಮಣಿಕಟ್ಟು, ಮಂಡಿ, ಪಾದಗಳಿಗೆ ಎರಡೆರಡು. ಮುಖವಿಲ್ಲ, ಬಟ್ಟೆಯಿಲ್ಲ, ಹೆಸರಿಲ್ಲ. ಯಾರೋ ಒಬ್ಬರು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಾರೆ, ಅಷ್ಟೆ. ಬಲ ಮಣಿಕಟ್ಟಿನ ಚುಕ್ಕಿ ಹಿಂದಕ್ಕೂ ಮುಂದಕ್ಕೂ ಆರಾಮಾಗಿ ಬೀಸಿಕೊಂಡು ಹೋಗುತ್ತಿತ್ತು. ಎಡಗಡೆಯದು ಪಕ್ಕೆಗೆ ಅಂಟಿಕೊಂಡಂತೆ ಸುಮ್ಮನಿತ್ತು.

“ಹತ್ತೊಂಬತ್ತನೆಯವರು. ಆರೋಗ್ಯವಂತರ ಗುಂಪು. ಇವರೊಬ್ಬರಿಂದ ಗ್ರಾಫೇ ಕೆಟ್ಟುಹೋಗ್ತಿದೆ ಸಾರ್.”

ತೇಜಶ್ರೀ ಎಂ.ಪಿ.ಟಿ., ಅಂದರೆ ಫಿಸಿಯೋಥೆರಪಿ ಸ್ನಾತಕೋತ್ತರ ವಿದ್ಯಾರ್ಥಿನಿ. ಗುಲ್ಬರ್ಗಾ ಕಡೆಯ ವ್ಯಾಪಾರಸ್ಥರ ಮನೆತನ, ಹುಟ್ಟಿ ಬೆಳೆದದ್ದೆಲ್ಲ ಚೆನ್ನೈ. ಪ್ರೊಫೆಸರ್ ಸುಶಮೀಂದ್ರನ ಹತ್ತಿರ ಮಾತ್ರ, ಅದೂ ಲ್ಯಾಬಿನ ಬಾಗಿಲು ಮುಚ್ಚಿದಾಗ, ಕನ್ನಡ ಮಾತಾಡುತ್ತಿದ್ದಳು.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುವುದಕ್ಕೆ ಎಷ್ಟೋ ಮೊದಲೇ ನಡಿಗೆ ಗುಟ್ಟು ಬಿಟ್ಟುಕೊಡುತ್ತದೆ ಎನ್ನುವುದು ಸುಶಮೀಂದ್ರನ ಸಂಶೋಧನೆ. ಅದಕ್ಕೆ ಎರಡು ಗುಂಪು ಬೇಕು. ಕಾಯಿಲೆಯವರಿಗೆ ಆಸ್ಪತ್ರೆಯಲ್ಲಿ ಬರವಿಲ್ಲ. ಆರೋಗ್ಯವಂತರು ಸಿಗುವುದೇ ತಾಪತ್ರಯ. ಗಟ್ಟಿಮುಟ್ಟಾಗಿರುವವರು ಈ ಬಿಸಿಲಲ್ಲಿ ಬಸ್ಸು ಹತ್ತಿ ಬಂದು, ಮೈಗೆಲ್ಲ ಕ್ಯಾಮೆರಾಗೆ ಕಾಣುವ ಮಾರ್ಕರ್ ಗುಂಡಿ ಅಂಟಿಸಿಕೊಂಡು ಪುಕ್ಕಟೆ ಯಾಕೆ ನಡೆದಾರು? ಹಾಗಾಗಿ ಎಲ್ಲ ಕಡೆ ಮಾಡುವುದನ್ನೇ ಇಲ್ಲಿಯೂ ಮಾಡಿದರು. ವಿಭಾಗದವರ ಹೆಂಡಂದಿರು, ಅತ್ತೆಯಂದಿರು, ನಾದಿನಿಯರು ಎಲ್ಲರೂ ಆರೋಗ್ಯವಂತರಾದರು. ಸುಶಮೀಂದ್ರನ ಹೆಂಡತಿ ಸುಮತಿಯೂ ಬಂದುಹೋಗಿದ್ದಳು. ಆ ದಿನ ಸುಶಮೀಂದ್ರ ಕೊಯಮತ್ತೂರಿನಲ್ಲಿ ಭಾಷಣ ಮಾಡುತ್ತಿದ್ದ.

ಪರದೆಯ ಮೇಲಿನವರು ತುದಿ ಮುಟ್ಟಿದರು. ತಿರುಗುವ ಮುನ್ನ ತಲೆಯ ಚುಕ್ಕಿ ಸ್ವಲ್ಪ ಬಾಗಿತು, ಗಿಡ್ಡ ಬಾಗಿಲು ದಾಟುವವರ ಹಾಗೆ. ಲ್ಯಾಬಿನಲ್ಲಿ ಅಲ್ಲಿ ಬಾಗಿಲೇ ಇಲ್ಲ.

“ಇನ್ನೊಂದ್ಸಲ ಹಾಕು.”

ಮತ್ತೆ ನಡೆದರು. ಮತ್ತೆ ಬಾಗಿದರು.

ಟ್ರಿಪ್ಲಿಕೇನಿನ ಬಾಡಿಗೆ ಮನೆಯಲ್ಲಿ ಅಡುಗೆಮನೆ ಬಾಗಿಲು ಗಿಡ್ಡ. ಮದುವೆಯಾಗಿ ಬಂದ ವಾರದಲ್ಲೇ ಸುಮತಿ ಹಣೆ ಊದಿಸಿಕೊಂಡಿದ್ದಳು. ಆ ಮನೆ ಬಿಟ್ಟು ಎಷ್ಟೋ ವರ್ಷವಾದರೂ, ತಿರುವು ಬಂತೆಂದರೆ ಅವಳ ತಲೆ ತಾನಾಗಿ ಬಾಗುತ್ತದೆ. “ಇಲ್ಲಿ ಯಾವ ಬಾಗಿಲೇ?” ಅಂತ ಊಟಕ್ಕೆ ಕೂತಲ್ಲಿಂದ ಅವನೇ ರೇಗಿಸಿದ್ದುಂಟು.

ಸುಶಮೀಂದ್ರ ಕುರ್ಚಿಯ ಬೆನ್ನು ಹಿಡಿದುಕೊಂಡ. ಬಾಯಿ ಮಾತ್ರ ಪ್ರೊಫೆಸರರ ಬಾಯಿಯಂತೆ ತನ್ನ ಪಾಡಿಗೆ ಕೇಳಿತು: “ನಿಯಮ ಏನಿದೆ?”

“ಅನುಮಾನ ಬಂದ್ರೆ ತೆಗೀಬೇಕು. ತೆಗೆದ್ರೆ ಕಾರಣ ಬರೀಬೇಕು. ಕಾಯಿಲೆ ಅನುಮಾನ ಅಂತ ಬರೆದ್ರೆ ಅವ್ರಿಗೆ ತಿಳಿಸಿ ನ್ಯೂರಾಲಜಿಗೆ ಕಳಿಸಬೇಕು.” ತೇಜಶ್ರೀ ಅವನ ಮುಖ ನೋಡಿದಳು. “ನೀವೇ ಬರೆದಿದ್ದಲ್ವಾ ಸಾರ್.”

ಹೌದು, ಅವನೇ ಬರೆದದ್ದು. ಎಥಿಕ್ಸ್ ಸಮಿತಿಯವರು ಮೆಚ್ಚಿಕೊಂಡಿದ್ದರು.

“ಕೈಯ ಮಾರ್ಕರ್ ಸರಿಯಾಗಿ ಅಂಟಿರಲಿಲ್ಲ ಅಂತ ಹಾಕು.”

“ಅಂಟಿತ್ತಲ್ಲ ಸಾರ್. ಎಲ್ರಿಗೂ ನಾನೇ ಅಂಟಿಸಿದ್ದು.”

“ಬೆವರಿಗೆ ಸಡಿಲ ಆಗಿರುತ್ತೆ.”

“ಏಸಿ ಇತ್ತು ಸಾರ್.”

“ಬರಿಯಮ್ಮ.”

ಬರೆದಳು. ಹತ್ತೊಂಬತ್ತನೆಯವರು ಯಾರೆಂದು ಅವಳಿಗೆ ನೆನಪಿರಲಿಲ್ಲ, ಕೇಳಲೂ ಇಲ್ಲ. ಒಂದು ಗುಂಡಿ ಒತ್ತಿದ ಕೂಡಲೇ ಗ್ರಾಫ್ ಸರಿಹೋಯಿತು. ಕಾಯಿಲೆಯವರು ಒಂದು ಕಡೆ, ಆರೋಗ್ಯವಂತರು ಒಂದು ಕಡೆ, ನಡುವೆ ಚೊಕ್ಕಟವಾದ ಖಾಲಿ ಜಾಗ. “ಈಗ ನೋಡಿ ಸಾರ್ ಎಷ್ಟು ಚೆನ್ನಾಗಿ ಬಂತು,” ಅಂದಳು ತೇಜಶ್ರೀ.

ಚೆನ್ನಾಗಿದೆ ಅಂದ.

ಮಧ್ಯಾಹ್ನ ಹೊರರೋಗಿಗಳ ಕೋಣೆಗೆ ವಡಪಳನಿಯ ದಂಪತಿ ಬಂದರು. ಗಂಡ ಒಂದು ಕಾಲಕ್ಕೆ ಸಿನಿಮಾಗಳಲ್ಲಿ ನಾಯಕಿಯ ಹಿಂದೆ ಗುಂಪಿನಲ್ಲಿ ಕುಣಿಯುತ್ತಿದ್ದವನು. ಈಗ ಕುರ್ಚಿಯಿಂದ ಏಳಲು ಇಬ್ಬರು ಬೇಕು. ಯಾವಾಗ ಶುರುವಾಯಿತೆಂದು ಸುಶಮೀಂದ್ರ ಎಂದಿನಂತೆ ಕೇಳಿದ. ಹೆಂಡತಿ ತಮಿಳಿನಲ್ಲಿ ಹೇಳಿದಳು: “ನಡೆಯುವಾಗ ಒಂದು ಕೈ ಬೀಸುತ್ತಲೇ ಇರಲಿಲ್ಲ ಡಾಕ್ಟರ್. ವಯಸ್ಸಾಯಿತಲ್ಲ, ಗತ್ತು ಬಂದಿದೆ ಅಂದುಕೊಂಡೆ. ನಗಾಡಿಬಿಟ್ಟೆ.”

ಇಂಥ ಕಡೆ ಅವನು ಹೇಳುವ ಮಾತೊಂದಿದೆ. ಜೊತೆಗೇ ಇರೋರು ಮೊದಲೇ ಗಮನಿಸಬೇಕಿತ್ತು ಎನ್ನುವ ಮಾತು. ಅದನ್ನು ಸ್ವಲ್ಪ ಗದರಿದಂತೆ ಹೇಳಿದರೆ ಮನೆಯವರು ವ್ಯಾಯಾಮ ತಪ್ಪಿಸುವುದಿಲ್ಲ ಎಂದು ವಿದ್ಯಾರ್ಥಿಗಳಿಗೂ ಕಲಿಸಿದ್ದಾನೆ. “ಜೊತೆಗೇ ಇರೋರು,” ಎಂದು ಶುರುಮಾಡಿದ. ಆಮೇಲೆ ಲೋಟದಲ್ಲಿದ್ದ ನೀರು ಕುಡಿದ. ಆ ಹೆಂಗಸು ಕಾಯುತ್ತಲೇ ಇದ್ದಳು.

ಕಾರಿನಲ್ಲಿ ಅಣ್ಣಾ ನಗರ್ ತಲುಪುವವರೆಗೂ ಸುಮತಿಯ ನಡಿಗೆಯನ್ನು ನೆನಪಿಗೆ ತಂದುಕೊಳ್ಳಲು ಒದ್ದಾಡಿದ. ಮುಖ ಬಂತು. ದನಿ ಬಂತು. ಸಾರಿಗೆ ಒಗ್ಗರಣೆ ಕೊಡುವಾಗಿನ ಕೆಮ್ಮು ಕೂಡ ಬಂತು. ನಡಿಗೆ ಬರಲಿಲ್ಲ. ಮದುವೆ ಮನೆಯಾಗಲಿ, ಮಠವಾಗಲಿ, ರೈಲ್ವೆ ಸ್ಟೇಷನ್ನಾಗಲಿ, ಅವನು ಯಾವಾಗಲೂ ಮುಂದೆ. ಹಿಂದೆ ಬರುತ್ತಿದ್ದಾಳೆ ಅಂತ ಗೊತ್ತಿತ್ತು, ತಿರುಗಿ ನೋಡುವ ಪ್ರಮೇಯವೇ ಬಂದಿರಲಿಲ್ಲ. ಊರವರ ನಡಿಗೆಯೆಲ್ಲ ನೋಡಿ ಪ್ರೊಫೆಸರಾದವನು ಹೆಂಡತಿ ನಡೆದದ್ದನ್ನು ಮೊದಲು ಕಂಡದ್ದು ಇವತ್ತು, ಚುಕ್ಕಿಗಳಲ್ಲಿ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಸುಮತಿ ಕಾಫಿ ತಂದಿಟ್ಟಳು, ಬಲಗೈಯಲ್ಲಿ. ಮತ್ತೆ ಒಳಗೆ ಹೋಗಿ ಕೋಡುಬಳೆ ತಂದಳು, ಅದೂ ಬಲಗೈಯಲ್ಲಿ.

“ಯಾಕ್ರೀ ಹಾಗೆ ನೋಡ್ತೀರಿ?”

“ಏನಿಲ್ಲ.”

“ನನ್ನ ಟೆಸ್ಟ್ ಏನಾಯ್ತು?”

“ಯಾವ ಟೆಸ್ಟು?”

“ಅದೇ, ಗುಂಡಿ ಅಂಟಿಸಿ ನಡೆಸಿದ್ರಲ್ಲ ನಿಮ್ಮ ಹುಡುಗೀರು. ಎಲ್ಲಾ ನಾರ್ಮಲ್ ತಾನೇ?”

ಕೋಡುಬಳೆ ಮುರಿದ. “ಹ್ಞೂಂ.”

“ನಾರ್ಮಲ್ಲಾ?”

“ಅಂದೆನಲ್ಲ.”

ಸುಮತಿ ಎದುರಿನ ಕುರ್ಚಿಯಲ್ಲಿ ಕೂತಳು. ಕೂತ ರೀತಿ ನೋಡಿದರೆ ಎಷ್ಟೋ ಹೊತ್ತಿನಿಂದ ನಿಂತೇ ಇದ್ದವಳ ಹಾಗಿತ್ತು. ಕಣ್ಣಲ್ಲಿ ನೀರಾಡಿತು.

“ಅಬ್ಬ, ಈಗ ಉಸಿರು ಬಂತು ನೋಡಿ. ನಿಮಗೆ ಹೇಳಿರಲಿಲ್ಲ. ದೀಪಾವಳಿಯಿಂದ ಈ ಕೈ ನನ್ನ ಮಾತೇ ಕೇಳ್ತಿಲ್ಲ ರೀ. ಜಡೆ ಹೆಣ್ಕೊಳ್ಳೋಕೆ ಹೋದ್ರೆ ಬೆರಳು ತಡವರಿಸುತ್ತೆ. ನಿಮ್ಮನ್ನ ಕೇಳೋಣ ಅಂದ್ರೆ ನೀವು ಸಿಗಬೇಕಲ್ಲ? ಸಿಕ್ಕಿದ್ರೂ ‘ಎಕ್ಸರ್‌ಸೈಜ್ ಮಾಡು’ ಅಂತೀರಿ, ತಲೆ ಎತ್ತದೇನೇ. ಅದಕ್ಕೇ ನಿಮ್ಮ ಡಿಪಾರ್ಟ್‌ಮೆಂಟಿಂದ ಫೋನ್ ಬಂದಾಗ ತಟ್ಟಂತ ಒಪ್ಕೊಂಡೆ. ನಾನೇನು ಚುಮ್ಮಾ ನಡೆದೆ ಅಂದ್ಕೊಂಡ್ರಾ? ನಿಮ್ಮ ಮೆಷಿನ್‌ಗೆ ತೋರಿಸಿದ್ರೆ ನಿಮಗೆ ತೋರಿಸಿದ ಹಾಗೇ ಅಂತ.”

ಹೇಳಬೇಕಾದದ್ದು ದೊಡ್ಡ ಮಾತೇನಲ್ಲ. ಒಂದು ಸಣ್ಣ ಅನುಮಾನ ಇದೆ, ನಾಳೆ ಒಬ್ಬ ಡಾಕ್ಟರಿಗೆ ತೋರಿಸೋಣ, ಹೆದರಬೇಡ. ಕಂಡಕಂಡವರಿಗೆಲ್ಲ ದಿನಾ ಹೇಳುವುದೇ. ಬಾಯಿ ತೆರೆದ. ಆ ಮಾತಿನ ಹಿಂದೆಯೇ ಇನ್ನೊಂದು ನಿಂತಿತ್ತು: ನೀನು ತೋರಿಸಿದ್ದನ್ನ ಬೆಳಿಗ್ಗೆ ನಾನೇ ಅಳಿಸಿಹಾಕಿದೆ. ಒಂದನ್ನು ಬಿಟ್ಟರೆ ಇನ್ನೊಂದೂ ಹೊರಗೆ ಬಂದುಬಿಡುತ್ತದೆ.

“ವಾಕಿಂಗ್ ಹೋಗೋಣವಾ?” ಅಂದ.

“ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?” ಎಂದು ನಗುತ್ತ ಸುಮತಿ ಚಪ್ಪಲಿ ಹುಡುಕಲು ಎದ್ದಳು.

ಟವರ್ ಪಾರ್ಕಿನಲ್ಲಿ ಜನ ಸುತ್ತು ಹಾಕುತ್ತಿದ್ದರು. ಎಲ್ಲರೂ ಕೈ ಬೀಸುತ್ತಿದ್ದರು. ಇಷ್ಟೊಂದು ಕೈಗಳು ಇಷ್ಟು ನಿಶ್ಚಿಂತೆಯಿಂದ ಬೀಸುವುದನ್ನು ಕಂಡು ಸುಶಮೀಂದ್ರನಿಗೆ ಸುಮ್ಮಸುಮ್ಮನೆ ಕೋಪ ಬಂತು. ಬೇಕೆಂದೇ ಹಿಂದೆ ಉಳಿದ.

ಸುಮತಿ ತಿರುಗಿ ನಿಂತಳು. “ಯಾಕೆ ಹಿಂದೆ ಬಿದ್ರಿ?”

“ನೀನು ನಡಿ.”

“ನೀವು ಮುಂದೆ ಹೋಗದೆ ನನಗೆ ನಡೆಯೋಕೇ ಬರಲ್ಲ,” ಎನ್ನುತ್ತಲೇ ನಡೆದಳು. ಬಲಗೈ ಬೀಸಿತು. ಎಡಗೈ ಸೆರಗಿನಂಚಿಗೆ ಹತ್ತಿಕೊಂಡು ಜೊತೆಗೆ ಹೋಯಿತು. ತಿರುವು ಬಂತು. ಮೇಲೆ ಬರೀ ಆಕಾಶ. ತಲೆ ಬಾಗಿಸಿ ತಿರುಗಿದಳು.

ಸುಶಮೀಂದ್ರ ದಾಪುಗಾಲು ಹಾಕಿ ಅವಳನ್ನು ಸೇರಿಕೊಂಡ. ಎಡಗೈ ಹಿಡಿದುಕೊಂಡ. ಅದು ಒಣಕಲಾಗಿ, ತಣ್ಣಗೆ, ಯಾರದೋ ಕೈಯಂತೆ ಸಿಕ್ಕಿತು.

“ಅಯ್ಯೋ, ಏನ್ರೀ ಇದು, ಎಲ್ರೂ ನೋಡ್ತಾರೆ.”

“ನೋಡಲಿ ಬಿಡು.”

ತನ್ನ ಕೈ ಬೀಸಿದ. ಅವಳದೂ ಜೊತೆಗೆ ಬಂತು. ಮುಂದೆ, ಹಿಂದೆ. ಈಗ ಯಾವ ಕ್ಯಾಮೆರಾ ಇಟ್ಟು ನೋಡಿದರೂ ಇಬ್ಬರು ಆರೋಗ್ಯವಂತರು ನಡೆಯುತ್ತಿದ್ದಾರೆ ಅನ್ನಬೇಕು, ಹಾಗೆ ಬೀಸಿದ. ಸುಮತಿಯ ಮುಖ ಹುಡುಗಿಯ ಮುಖದಂತೆ ಕೆಂಪಾಯಿತು.

“ನೀವು ನಾರ್ಮಲ್ ಅಂದಿದ್ದೇ ತಡ, ನೋಡಿ, ಕೈ ಎಷ್ಟು ಹಗುರಾಗಿದೆ.”

ಗೇಟು ಬಂತು. ಹೊರಗೆ ಹೋಗದೆ ಗೇಟಿನ ಪಕ್ಕದಿಂದಲೇ ಮುಂದೆ ನಡೆದರು. ಅವನ ಭುಜ ನೋಯತೊಡಗಿತ್ತು.

“ಸಾಕಲ್ಲ ರೀ, ಮನೆಗೆ ಹೋಗೋಣ?”

“ಇನ್ನೊಂದು ಸುತ್ತು.”

ಜನ ಕರಗಿದರು. ಪಾರ್ಕು ಮುಚ್ಚುವ ಹೊತ್ತಾಯಿತೆಂದು ವಾಚ್‌ಮನ್ ದೂರದಿಂದ ಸೀಟಿ ಊದಿದ. ತಿರುವಿನ ಹತ್ತಿರ ಸುಶಮೀಂದ್ರ ಒಂದೇ ಒಂದು ಕ್ಷಣ ತನ್ನ ಬೆರಳು ಸಡಿಲಿಸಿ ನೋಡಿದ. ಸುಮತಿ ಏನೋ ಹೇಳುತ್ತ, ತಲೆ ಬಾಗಿಸಿ, ನಡೆಯುತ್ತಲೇ ಇದ್ದಳು. ಕೈ ಮಾತ್ರ ಎರಡು ಸಲ ತೂಗಿದಂತೆ ಮಾಡಿ ಅವಳ ಪಕ್ಕೆಗೆ ಬಂದು ನಿಂತಿತು.

ಮತ್ತೆ ಹಿಡಿದುಕೊಂಡು ಬೀಸತೊಡಗಿದ. ವಾಚ್‌ಮನ್ ಇನ್ನೊಮ್ಮೆ ಸೀಟಿ ಊದಿದ.