ಅಕ್ಕನ ಅಳತೆ

ಬಟ್ಟೆ ಹೊಲಿಯುವ ಅಕ್ಕ ಅಂದು ಬೇಕೆಂದೇ ತೋಳು ಬಿಗಿಯಾದ ಅಂಗಿ ತೊಟ್ಟು ಆಸ್ಪತ್ರೆಗೆ ಹೊರಟಳು. ಸೂಜಿ ಚುಚ್ಚಿಸಿಕೊಳ್ಳುವುದಿಲ್ಲವೆಂದು ಆಗಲೇ ಗಟ್ಟಿ ಮನಸ್ಸು ಮಾಡಿದ್ದಳು. ಜೊತೆಗೆ ಬರುತ್ತಿದ್ದ ತಂಗಿಗೆ ಮಾತ್ರ ಹೇಳಿರಲಿಲ್ಲ.

ಇಬ್ಬರಿಗೂ ಒಂದೇ ಕಾಯಿಲೆ, ಮೂತ್ರಪಿಂಡದ ಕ್ಯಾನ್ಸರ್. ಅಕ್ಕನದು ಬೇಗ ಕಣ್ಣಿಗೆ ಬಿದ್ದದ್ದರಿಂದ ಗಡ್ಡೆಯನ್ನು ಪೂರ್ತಿ ತೆಗೆದಿದ್ದರು. ತಂಗಿಯದು ಗೊತ್ತಾಗುವ ಹೊತ್ತಿಗೆ ಶ್ವಾಸಕೋಶಕ್ಕೆ ಹಬ್ಬಿತ್ತು. "ಯಾವಾಗ್ಲೂ ನಿನ್ನ ಹಿಂದೇನೇ ಬಂದೆ, ಇದರಲ್ಲಾದ್ರೂ ಮುಂದಿದ್ದೀನಿ ನೋಡು" ಎಂದು ಮಾತ್ರೆ ನುಂಗುತ್ತ ಅವಳು ನಗುತ್ತಿದ್ದಳು. ಅಕ್ಕನಿಗೆ ನಗು ಬರುತ್ತಿರಲಿಲ್ಲ.

ಕಾಯಿಲೆ ಮರುಕಳಿಸದಂತೆ ತಡೆಯಲಾದೀತೇ ಎಂದು ನೋಡಲು ಹೊಸ ಲಸಿಕೆಯೊಂದರ ಪ್ರಯೋಗ ನಡೆದಿತ್ತು. ಡಾಕ್ಟರಮ್ಮ ಅಕ್ಕನಿಗೆ ತಾಳ್ಮೆಯಿಂದ ಬಿಡಿಸಿ ಹೇಳಿದ್ದರು. ಅವಳಿಂದ ತೆಗೆದ ಗಡ್ಡೆಯನ್ನು ಪರೀಕ್ಷಿಸಿ, ಅದರಲ್ಲಷ್ಟೇ ಇರುವ ಗುರುತುಗಳನ್ನು ಆರಿಸಿ, ಎಂಆರ್‌ಎನ್‌ಎ ಎಂಬ ಸಂದೇಶವಾಗಿ ಬರೆದು ಮೈಯೊಳಕ್ಕೆ ಕಳಿಸುವುದು. ಆ ಗುರುತು ಹೊತ್ತ ಕ್ಯಾನ್ಸರ್ ಕಣ ಎಲ್ಲಾದರೂ ಅಡಗಿದ್ದರೆ ಹುಡುಕಿ ಮುಗಿಸಲು ಮೈ ತಾನೇ ಕಲಿಯಬೇಕು. ಕಲಿತೀತೆಂಬ ಭರವಸೆ ಇದೆ, ಖಾತ್ರಿಯಿಲ್ಲ ಎಂದೂ ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಕೊನೆಗೆ, "ನಿಮ್ಮ ಅಳತೆಗೇ ಹೊಲಿದದ್ದು ಅಂದ್ಕೊಳ್ಳಿ" ಎಂದಿದ್ದರು.

ಅಳತೆ ಎಂದೊಡನೆ ಅಕ್ಕನ ತಲೆ ಓಡತೊಡಗಿತು. ತಾಯಿ ಹೋದಾಗಿನಿಂದ ತನ್ನ ಬಟ್ಟೆಗಳ ಪಕ್ಕ ಹಿಡಿದು, ಅಂಚು ಮಡಿಸಿ ತಂಗಿಗೆ ತೊಡಿಸಿದವಳು ಅವಳು. ಒಬ್ಬರಿಗೆ ಹೊಲಿದದ್ದನ್ನು ಇನ್ನೊಬ್ಬರಿಗೆ ಹೊಂದಿಸುವುದೇ ಅವಳ ಅಂಗಡಿಯ ಅರ್ಧ ಕೆಲಸ. ಮುಂದಿನ ಸಲ ಒಬ್ಬಳೇ ಹೋಗಿ ಕೇಳಿದಳು.

"ಡಾಕ್ಟ್ರೇ, ಒಂದೇ ಹೊಟ್ಟೇಲಿ ಹುಟ್ಟಿದೋರು ನಾವು, ಕಾಯಿಲೇನೂ ಒಂದೇ. ನಂದನ್ನೇ ಸ್ವಲ್ಪ ತಿದ್ದಿ ಅವಳಿಗೆ ಕೊಡೋಕಾಗಲ್ವಾ?"

ಆಗುವುದಿಲ್ಲ ಎಂದರು ಡಾಕ್ಟರಮ್ಮ. ಕಾಯಿಲೆಯ ಹೆಸರು ಒಂದೇ ಆದರೂ ತಂಗಿಯ ಗಡ್ಡೆಯ ಗುರುತುಗಳೇ ಬೇರೆ. ಅಕ್ಕನ ಲಸಿಕೆ ಅವಳ ಮೈಗೆ ಏನನ್ನೂ ಕಲಿಸದು. ಅವಳಿಗೇ ಬೇರೆ ಮಾಡೋಣವೆಂದರೆ, ರೋಗ ಹಬ್ಬಿದವರನ್ನು ಈ ಪ್ರಯೋಗಕ್ಕೆ ಸೇರಿಸುತ್ತಿರಲಿಲ್ಲ.

ಅಕ್ಕನಿಗೆ ಒಂದು ಹಣ್ಣು ಸಿಕ್ಕರೂ ದೊಡ್ಡ ಹೋಳನ್ನು ತಂಗಿಯ ಕೈಗಿಟ್ಟು ಅಭ್ಯಾಸ. ಈಗ ಅವಳ ಕಣ್ಣೆದುರೇ, ಇರುವ ಒಂದು ಆಸೆಯನ್ನು ಇಡಿಯಾಗಿ ತಾನೊಬ್ಬಳೇ ಹೇಗೆ ತೆಗೆದುಕೊಳ್ಳುವುದು?

ಅಕ್ಕ ತಂಗಿ ಅಂದು ಹೊಕ್ಕ ಲಸಿಕೆಯ ಕೋಣೆ ಚಿಕ್ಕದು. ಒಂದು ಕುರ್ಚಿ, ಒಂದು ಸ್ಟೂಲು, ಮೂಲೆಯಲ್ಲಿ ಗುಂಯ್‌ಗುಡುವ ಫ್ರಿಜ್ಜು. ನರ್ಸ್ ಸೀಸೆಯ ಮೇಲಿನ ಚೀಟಿಯನ್ನೂ ಅಕ್ಕನ ಮಣಿಕಟ್ಟಿನ ಪಟ್ಟಿಯನ್ನೂ ತಾಳೆ ನೋಡಿ, ಅಂಗಿಯ ತೋಳನ್ನು ಮೇಲಕ್ಕೆ ಸರಿಸಲು ಹೋದಳು. ಅದು ಸರಿಯಲಿಲ್ಲ.

"ಬಿಡಮ್ಮ, ನಂಗಿದು ಬೇಡ" ಎಂದಳು ಅಕ್ಕ.

ನರ್ಸ್ ಕಕ್ಕಾಬಿಕ್ಕಿಯಾಗಿ ಡಾಕ್ಟರನ್ನು ಕರೆತರಲು ಹೋದಳು. ಏನೇ ಇದು ಎಂದು ತಂಗಿ ಜೋರು ಮಾಡಿದ ಮೇಲೆ, ಅಕ್ಕ ನೆಲ ನೋಡುತ್ತಲೇ ಎಲ್ಲವನ್ನೂ ಹೇಳಿದಳು: ತಾನು ಕೇಳಿದ್ದು, ಅವರು ಆಗದೆಂದದ್ದು.

"ಅಕ್ಕಾ, ನೀನು ತಿದ್ದಿಕೊಟ್ಟ ಬಟ್ಟೆ ಯಾವ್ದೂ ನಂಗೆ ಸರಿಯಾಗಿ ಕೂರ್ತಿರ್ಲಿಲ್ಲ ಕಣೇ. ಕಂಕುಳಲ್ಲಿ ಬಿಗೀತಿತ್ತು, ಬೆನ್ನಲ್ಲಿ ಜೋಲ್ತಿತ್ತು. ನಿನ್ನ ಮುಖ ನೋಡಿ ಹೇಳ್ಲಿಲ್ಲ."

ಅಕ್ಕ ತಲೆಯೆತ್ತಿದಳು. "ಒಂದೂನಾ?"

"ಒಂದೂನೂ. ನಾಳೆ ನಾನು ಹಾಸಿಗೆ ಹಿಡಿದ್ರೆ ಯಾರೇ ನೋಡ್ಕೊಳ್ಳೋದು? ನಂಗೇನಾದ್ರೂ ಕೊಡ್ಬೇಕು ಅಂತಿದ್ರೆ ನೀನಿರು. ಅದನ್ನೇನೂ ತಿದ್ದಬೇಕಾಗಿಲ್ಲ."

ತಂಗಿ ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡು, ಅಕ್ಕನ ಚೀಲದಲ್ಲಿ ಸದಾ ಇರುವ ಪುಟ್ಟ ಕತ್ತರಿಯನ್ನು ತಡಕಿ ತೆಗೆದು, ಬಿಗಿದ ತೋಳಿನ ಅಂಚಿನಿಂದ ಹೊಲಿಗೆ ಬಿಚ್ಚತೊಡಗಿದಳು. ಔಷಧಿಯಿಂದ ಸೋತ ಕೈಯಲ್ಲಿ ಕತ್ತರಿ ಅತ್ತಿತ್ತ ಜಾರುತ್ತಿತ್ತು.

"ಬಟ್ಟೆಗೆ ತಾಗಿಸ್ಬೇಡ ಕಣೇ. ನೂಲು ಮಾತ್ರ."

"ಸುಮ್ನೆ ಕೂತ್ಕೋ. ಇವತ್ತು ನಿನ್ನ ದರ್ಜಿ ನಾನು."

ಡಾಕ್ಟರಮ್ಮ ನರ್ಸಿನ ಜೊತೆ ಬಾಗಿಲಿಗೆ ಬರುವಷ್ಟರಲ್ಲಿ ಹೊಲಿಗೆ ಭುಜದವರೆಗೂ ಬಿಟ್ಟುಕೊಂಡಿತ್ತು. ಅಲ್ಲಲ್ಲಿ ಬಟ್ಟೆಯೂ ಹರಿದಿತ್ತು. ಅಕ್ಕ ಬೈಯಲಿಲ್ಲ. ತಂಗಿಯ ಮಡಿಲಲ್ಲಿ ಉದುರಿದ್ದ ನೂಲಿನ ತುಣುಕುಗಳನ್ನೇ ನೋಡುತ್ತ, ತೆರೆದ ತೋಳನ್ನು ನರ್ಸಿನ ಕಡೆಗೆ ಚಾಚಿದಳು.