ನಾವೇ ಅಲುಗಾಡಿಸಿದ ಕನ್ನಡಿ

ಉರಿದು ಮುಗಿದು ಒಂದು ಊರಿನಗಲಕ್ಕೆ ಕುಗ್ಗಿದ ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತಿ ಸುತ್ತಿ ಕೊನೆಗೆ ಡಿಕ್ಕಿ ಹೊಡೆದರೆ ಆಕಾಶದುದ್ದಕ್ಕೂ ಅಲೆ ಏಳುತ್ತದೆ. ನಮ್ಮವರೆಗೆ ಬರುವಷ್ಟರಲ್ಲಿ ಅದು ಎಷ್ಟು ಸೊರಗಿರುತ್ತದೆಂದರೆ, ಮೈಲುದ್ದದ ಕೊಳವೆಗಳ ತುದಿಯಲ್ಲಿ ತೂಗುಬಿಟ್ಟ ಕನ್ನಡಿಗಳು ಒಂದು ಅಣುವಿನಷ್ಟೂ ಅಲುಗುವುದಿಲ್ಲ. ಅಣುವಿಗಿಂತ ಕಿರಿದಾದ ಆ ಅಲುಗಾಟವನ್ನು ಹಿಡಿಯುವುದೇ ನಮ್ಮ ತಮ್ಮರಾಯನ ಕೆಲಸ. ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾದ ಅಕ್ಕ ಅವನನ್ನು ಸಾಕಿ ಓದಿಸಿದ್ದಳು.

ಹಿಡಿದೂಬಿಟ್ಟ. ಪರದೆಯ ಮೇಲಿನ ಗೆರೆ ಏರುತ್ತ ಏರುತ್ತ ಥಟ್ಟನೆ ನಿಂತಾಗ ಅವನಿಗೆ ಉಸಿರಾಡುವುದೇ ಮರೆತುಹೋಯಿತು. ಖಚಿತವಾಗುವವರೆಗೆ ಹೆಂಡತಿಗೂ ಹೇಳಕೂಡದೆಂದು ತಂಡದ ಹಿರಿಯರ ಕಟ್ಟಪ್ಪಣೆ. ಪುಣ್ಯಾತ್ಮ ಹೆಂಡತಿಗೆ ಹೇಳಲಿಲ್ಲ, ನೇರ ಅಕ್ಕನಿಗೇ ಫೋನ್ ಮಾಡಿದ. ಅವಳ ಹೊಟ್ಟೆಯಲ್ಲಿ ಇಂಥ ಮಾತು ನಿಲ್ಲುತ್ತದೆಯೇ? ಅವಳ ಇಡೀ ಶಾಲೆಗೆ ಸುದ್ದಿಯಾಗಿ, ಅಲ್ಲಿ ಅವನ ಭಾಷಣಕ್ಕೆ ದಿನ ನಿಗದಿಯೂ ಆಯಿತು.

ಭಾಷಣದ ದಿನವೇ ಬೆಳಗ್ಗೆ ತಂಡದ ಹಿರಿಯರು ಎಲ್ಲರನ್ನೂ ಕೂರಿಸಿಕೊಂಡು ಕೆಮ್ಮಿದರು.

"ಅದು ನಕ್ಷತ್ರ ಅಲ್ಲಪ್ಪ. ನಾವೇ ಇಬ್ಬರು ಗುಟ್ಟಾಗಿ ಕನ್ನಡಿ ಅಲುಗಾಡಿಸಿದ್ವಿ. ನೀವು ಹಿಡೀತೀರೋ ಇಲ್ವೋ, ಹಿಡಿದ ಮೇಲೆ ಬಾಯಿ ಮುಚ್ಕೊಂಡಿರ್ತೀರೋ ಇಲ್ವೋ ಅಂತ ನೋಡೋಕೆ."

ಇಂಥ ಪರೀಕ್ಷೆ ಆಗಾಗ ಇರುತ್ತದೆಂದು ಅವರಿಗೆಲ್ಲ ಗೊತ್ತಿತ್ತು. ಎಲ್ಲರೂ ನಕ್ಕರು, ಇವನ ಕಿವಿ ಮಾತ್ರ ಕೆಂಪಾಯಿತು. ಮನೆಯಲ್ಲಿ ಅಂಗಿ ಬದಲಿಸುತ್ತ ಹೆಂಡತಿಯ ಮುಂದೆ ಎಲ್ಲ ತೋಡಿಕೊಂಡು, "ಅಕ್ಕನಿಗೆ ನಾನೇ ಹೇಳ್ತೀನಿ" ಎಂದ.

ಹೇಳಲಿಲ್ಲ. ಶಾಲೆಯ ಸಭಾಂಗಣದ ಗೋಡೆ ತುಂಬ ಮಕ್ಕಳು ಬರೆದ ಜೋಡಿ ನಕ್ಷತ್ರಗಳು. ಮುಂದಿನ ಸಾಲಿನಲ್ಲಿ ಅಕ್ಕ. ನಿಜ ಹೇಳಬೇಕೆಂದೇ ಬಾಯಿ ತೆರೆದ, ಹೊರಬಂದದ್ದು ನಕ್ಷತ್ರಗಳ ಕಥೆ.

"ಸಾರ್, ಅವೆರಡೂ ಈಗಲೂ ಇವೆಯಾ?" ಎಂದು ಒಬ್ಬ ಹುಡುಗಿ ಕೇಳಿದಳು.

"ಇಲ್ಲ ಪುಟ್ಟ, ಸೇರಿ ಒಂದಾಗಿಬಿಟ್ವು."

ಚಪ್ಪಾಳೆಯೋ ಚಪ್ಪಾಳೆ. ಅವನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ನಾಚಿಕೆಯಿಂದ ಹಿಡಿಯಷ್ಟಾದ.

ಆಮೇಲೆ ತನ್ನ ಕೋಣೆಯಲ್ಲಿ ಅಕ್ಕ ಅವನಿಗೆ ನೀರು ಕೊಟ್ಟಳು.

"ನೀನು ಬರೋ ಮೊದಲೇ ನಿನ್ನ ಹೆಂಡತಿ ಫೋನ್ ಮಾಡಿದ್ಲು. ಅವಳಿಗೆ ನಿನ್ನ ಗುಣ ಗೊತ್ತು."

ಲೋಟ ಅವನ ಕೈಯಲ್ಲೇ ಉಳಿಯಿತು. "ಮತ್ತೆ ಭಾಷಣ ಯಾಕೆ ನಿಲ್ಲಿಸಲಿಲ್ಲ, ಅಕ್ಕ?"

"ನೀನೇ ಹೇಳ್ತೀಯ ಅಂದ್ಕೊಂಡೆ ಕಣೋ. ನಮ್ಮೋರೇ ನಮ್ಮನ್ನ ಹೀಗೆ ಬೇಸ್ತು ಬೀಳಿಸಿದ್ರು ಅಂದಿದ್ರೆ ಮಕ್ಕಳು ಬಿದ್ದು ಬಿದ್ದು ನಗ್ತಿದ್ರು. ನಿನ್ ಜೊತೆ ನಾನೂ ನಗೋಣ ಅಂತಾನೇ ಮುಂದೆ ಕೂತಿದ್ದೆ."

ಬಾಗಿಲಲ್ಲಿ ಅದೇ ಹುಡುಗಿ, ತನ್ನ ಚಿತ್ರದ ಮೇಲೆ ಸಾರ್ ಸಹಿ ಬೇಕೆಂದು ನಿಂತಿದ್ದಳು. ಅಕ್ಕ ಅವನತ್ತ ಪೆನ್ನು ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ಪುಟ್ಟ, ನಾನು ಹೇಳಿದ್ದು ಸುಳ್ಳು. ಅಲ್ಲಿ ಯಾವ ನಕ್ಷತ್ರಾನೂ ಇರಲಿಲ್ಲ. ನಮ್ಮೋರೇ ಕನ್ನಡಿ ಅಲುಗಾಡಿಸಿದ್ರು."

ಹುಡುಗಿ ಚಿತ್ರವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ನಿಮಗೆ ಆಗಲೇ ಗೊತ್ತಿತ್ತಾ ಸಾರ್?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಅವನು ಅಕ್ಕನ ಕಡೆ ನೋಡಿದ. ಅವಳೂ ಆ ಉತ್ತರಕ್ಕೇ ಕಾಯುತ್ತಿದ್ದಳು.